ಮಾತುಕತೆ ನಡೀತಿದೆ ಅಂತ ಗಡುವು ನಿಲ್ಲೋದಿಲ್ಲ

ಕಳೆದ ತಿಂಗಳು ಮುಂಬಯಿಯ ಮಾಟುಂಗಾದ ನನ್ನ ಆಫೀಸಿಗೆ ಕುಂದಾಪುರ ಕಡೆಯ ಹೋಟೆಲಿನವರೊಬ್ಬರು ಬಂದಿದ್ದರು. ಪ್ಲಾಸ್ಟಿಕ್ ಚೀಲದಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು: ಕಳಚಿ ಬಿದ್ದ ಸೀಲಿಂಗಿನ ಫೋಟೊ, ಹಾಳಾದ ಫ್ರಿಜ್ಜಿನ ಬಿಲ್ಲು, ಭುಜದ ಎಕ್ಸ್‌ರೇ. ಮೇಲಿನ ಫ್ಲಾಟಿನ ಪೈಪು ಒಡೆದು ಆದ ಅನಾಹುತ. ನನ್ನ ಕಣ್ಣು ಹೋಗಿದ್ದು ಎಕ್ಸ್‌ರೇ ಮೂಲೆಯ ತಾರೀಕಿಗೆ. ಮೂರು ವರ್ಷ, ಹನ್ನೊಂದು ದಿನ ಆಗಿತ್ತು.

“ಅವರೂ ನಮ್ಮ ಊರಿನ ಕಡೆಯವರೇ ವಕೀಲ್ರೇ. ಕೊಡ್ತೇನೆ, ಕೊಡ್ತೇನೆ ಅಂತಿದ್ರು. ಕೋರ್ಟು ಯಾಕೆ ಅಂತ ಸುಮ್ನೆ ಇದ್ದೆ.”

ದಾವೆ ಹಾಕಲು ಗಡುವು ಇಡುವ 1963ರ ಲಿಮಿಟೇಶನ್ ಕಾಯ್ದೆಗೆ ಊರು, ನೆಂಟಸ್ತಿಕೆ ಗೊತ್ತಿಲ್ಲ. ಮೈಗಾದ ಪೆಟ್ಟಿಗೆ, ವಸ್ತುವಿಗಾದ ನಷ್ಟಕ್ಕೆ ಪರಿಹಾರ ಕೇಳಲು ಸಾಮಾನ್ಯವಾಗಿ ಮೂರು ವರ್ಷ. ಇನ್ನೊಬ್ಬರ ತಪ್ಪಿನಿಂದ ಸಾವಾಗಿ, ಮನೆಯವರು 1855ರ ಫೇಟಲ್ ಆಕ್ಸಿಡೆಂಟ್ಸ್ ಕಾಯ್ದೆಯಡಿ ದಾವೆ ಹಾಕುವುದಾದರೆ ಸತ್ತ ದಿನದಿಂದ ಎರಡೇ ವರ್ಷ. ಎದುರು ಪಾರ್ಟಿ ಬಾಯಿಬಿಡದಿದ್ದರೂ, ಅವಧಿ ಮೀರಿದ ದಾವೆಯನ್ನು ಕೋರ್ಟು ತಾನಾಗಿಯೇ ವಜಾ ಮಾಡಬೇಕು.

“ತಡ ಆಯ್ತು, ಕ್ಷಮಿಸಿ ಅಂತ ಅರ್ಜಿ ಕೊಟ್ಟರೆ ಆಗಲ್ವಾ?” ಎಂದು ಹತ್ತರಲ್ಲಿ ಒಂಬತ್ತು ಜನ ಕೇಳುತ್ತಾರೆ. ಆಗುವುದಿಲ್ಲ. ಆ ಅವಕಾಶ ಇರುವುದು ಮೇಲ್ಮನವಿಗೆ, ಅರ್ಜಿಗಳಿಗೆ. ದಾವೆಗೆ ಇಲ್ಲ. ವಕೀಲರ ನೋಟಿಸ್ ಕಳಿಸಿದ ಮಾತ್ರಕ್ಕೂ ಗಡಿಯಾರ ನಿಲ್ಲುವುದಿಲ್ಲ. ಅವಧಿ ಮುಗಿಯುವ ಮೊದಲೇ ಎದುರಿನವರು ಹೊಣೆ ಒಪ್ಪಿ ಬರೆದು, ಸಹಿ ಹಾಕಿ ಕೊಟ್ಟಿದ್ದರೆ ಮಾತು ಬೇರೆ. ಬಾಯಿಮಾತಿನ “ಕೊಡ್ತೇನೆ” ಆ ಲೆಕ್ಕಕ್ಕೆ ಬರುವುದಿಲ್ಲ. ಗಡುವಿನ ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ, ತೆರೆದ ದಿನ ಹಾಕಬಹುದು. ಆದರೆ ಅಲ್ಲಿವರೆಗೆ ಕಾಯುವ ಕಕ್ಷಿದಾರರನ್ನು ಕಂಡರೆ ನನಗೆ ಬಿ.ಪಿ. ಏರುತ್ತದೆ.

ಮೂರು ವರ್ಷ ಎಂಬುದೂ ಎಲ್ಲ ಕಡೆ ನಡೆಯುವುದಿಲ್ಲ. ಮುಂಬಯಿ ಮಹಾನಗರಪಾಲಿಕೆ ತನ್ನ ಕಾಯ್ದೆಯಡಿಯ ಕೆಲಸದಲ್ಲಿ ಮಾಡಿದ ತಪ್ಪಿಗೆ ದಾವೆ ಹಾಕಬೇಕೆಂದರೆ ಆ 1888ರ ಕಾಯ್ದೆಯ 527ನೇ ಕಲಂ ನೋಡಬೇಕು. ಮೊದಲು ಲಿಖಿತ ನೋಟಿಸ್ ಕೊಡಿ, ಒಂದು ತಿಂಗಳು ಕಾಯಿರಿ, ಆದರೆ ತಪ್ಪು ನಡೆದ ಆರು ತಿಂಗಳೊಳಗೆ ದಾವೆ ಹಾಕಿ. ಲೋಕಲ್ ಟ್ರೈನಿನಿಂದ ಬಿದ್ದು ಪೆಟ್ಟಾದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ಲಿಗೆ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಾದರೆ ಸರಿಯಾದ ಕಾರಣ ಕೊಟ್ಟರೆ ತಡವನ್ನು ಮನ್ನಿಸುತ್ತಾರೆ. ರಸ್ತೆ ಅಪಘಾತದ ಕ್ಲೇಮಿಗೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ನಿಯಮ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ನಿಜ. ಆದರೂ ಆ ಧೈರ್ಯದ ಮೇಲೆ ಕೂರಬೇಡಿ. ಪೆಟ್ಟು ತಿಂದದ್ದು ಮಗುವಾದರೆ ದಾವೆಯ ಮೂರು ವರ್ಷದ ಲೆಕ್ಕ ಹದಿನೆಂಟು ತುಂಬಿದ ಮೇಲೆ ಶುರು.

ಹೋಟೆಲಿನವರ ಸೀಲಿಂಗು, ಫ್ರಿಜ್ಜು, ಭುಜ ಮೂರೂ ಕೈಬಿಟ್ಟು ಹೋಗಿದ್ದವು. ಅವರು ಕಾಗದ ಮಡಚುವಾಗ ಸುಮ್ನೆ ಕೇಳಿದೆ, “ಈಗ ಸೋರಿಕೆ ನಿಂತಿದೆಯಾ?”

“ಎಲ್ಲಿ ನಿಂತದೆ? ನಿನ್ನೆಯೂ ಗೋಡೆ ಒದ್ದೆ.”

ಲಿಮಿಟೇಶನ್ ಕಾಯ್ದೆಯ 22ನೇ ಕಲಂ ಇರುವುದು ಇಂಥದಕ್ಕೇ. ತಪ್ಪು ಮುಂದುವರಿಯುತ್ತಿರುವವರೆಗೆ ಅವಧಿ ಕ್ಷಣಕ್ಷಣವೂ ಹೊಸದಾಗಿ ಶುರುವಾಗುತ್ತದೆ. ಅಂದು ಬಿದ್ದ ಸೀಲಿಂಗಿನ ಗುರುತು ಇಂದೂ ಉಳಿದಿದ್ದರೆ ಅದು ಮುಂದುವರಿದ ತಪ್ಪಲ್ಲ. ಇಂದೂ ನೀರು ಸೋರುತ್ತಿದ್ದರೆ ಹೌದು. ಚೀಲವನ್ನು ಮತ್ತೆ ಬಿಚ್ಚಿಸಿದೆ. ಸಂಜೆಯೊಳಗೆ ಒದ್ದೆ ಗೋಡೆಯ ಫೋಟೊ ತಾರೀಕಿನ ಸಮೇತ ಕಳಿಸಲು ಹೇಳಿದೆ.