ಕಣ್ಣಿನ ಪೊರೆ: ಮಬ್ಬಾಗುವುದು ಮಸೂರವೇ

ಪಾಪೆಯ ಹಿಂದಿರುವ ಮಸೂರ ತಿಳಿತನ ಕಳೆದುಕೊಂಡು ಮಬ್ಬಾಗುವುದೇ ಕಣ್ಣಿನ ಪೊರೆ. ಕಣ್ಣಿನ ಮೇಲೆ ಏನೂ ಬೆಳೆದಿರುವುದಿಲ್ಲ. ಮಸೂರದೊಳಗಿನ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಕೊಂಡು ಬೆಳಕನ್ನು ಚದುರಿಸುತ್ತವೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ತಿಳಿಯಾಗದು, ಇದೂ ಹಾಗೆಯೇ. ಪೊರೆ ಕರಗಿಸುವ ಹನಿ ಎಂದು ಯಾರಾದರೂ ಮಾರಿದರೆ ದಯವಿಟ್ಟು ನಂಬಬೇಡಿ.

ಮುಖ್ಯ ಕಾರಣ ವಯಸ್ಸು. ಸಕ್ಕರೆ ಕಾಯಿಲೆ, ಕಣ್ಣಿಗೆ ಬಿದ್ದ ಪೆಟ್ಟು, ಧೂಮಪಾನ, ಬಹುಕಾಲದ ಸ್ಟೀರಾಯ್ಡ್ ಬಳಕೆ ಇದ್ದರೆ ಬೇಗ ಬರುತ್ತದೆ. ಮಸೂರದ ನಡುಭಾಗ ಗಟ್ಟಿಯಾದಾಗ ದೂರದ್ದು ಮಸುಕಾಗುತ್ತದೆ, ಆದರೆ ಕೆಲಕಾಲ ಕನ್ನಡಕವಿಲ್ಲದೆ ಓದಲು ಬರಬಹುದು. ದೃಷ್ಟಿ ಸುಧಾರಿಸಿತೆಂದು ಪರೀಕ್ಷೆ ಮುಂದೂಡುವುದು ಇಲ್ಲಿಯೇ. ಪೊರೆ ಮಸೂರದ ಹಿಂಬದಿಯಲ್ಲಿದ್ದರೆ ಬಿಸಿಲು, ಹೆಡ್‌ಲೈಟ್‌ಗಳು ಕಣ್ಣು ಕುಕ್ಕುತ್ತವೆ.

ಚಿಕಿತ್ಸೆ ಆಪರೇಷನ್ ಒಂದೇ. ಫೇಕೋ ವಿಧಾನದಲ್ಲಿ ಕಾರ್ನಿಯಾದ (ಕಣ್ಣಿನ ಮುಂಭಾಗದ ತಿಳಿ ಪದರ) ಅಂಚಿನಲ್ಲಿ 2ರಿಂದ 3 ಮಿ.ಮೀ. ಸೀಳು ಮಾಡುತ್ತಾರೆ. ಮಸೂರವನ್ನು ಸುತ್ತಿರುವ ತೆಳು ಚೀಲದ ಮುಂಭಾಗದಲ್ಲಿ ಸುಮಾರು 5 ಮಿ.ಮೀ. ಅಗಲದ ದುಂಡನೆಯ ಕಿಂಡಿ ತೆರೆದು, ಮಬ್ಬಾದ ಮಸೂರವನ್ನು ಅಲ್ಟ್ರಾಸೌಂಡ್ ಕಂಪನದಿಂದ ಪುಡಿಮಾಡಿ ಹೀರಿ ತೆಗೆಯುತ್ತಾರೆ. ಚೀಲದ ಹಿಂಭಾಗವನ್ನು ಮಾತ್ರ ಜೋಪಾನವಾಗಿ ಉಳಿಸಿಕೊಳ್ಳಬೇಕು, ಮಡಚಿ ಒಳಸೇರಿಸುವ ಕೃತಕ ಲೆನ್ಸ್ ಬಿಚ್ಚಿಕೊಂಡು ಕೂರುವುದು ಅದರಲ್ಲೇ. ಅದು ಹರಿದರೆ ಲೆನ್ಸ್ ಬೇರೆ ಜಾಗದಲ್ಲಿ ಕೂರಿಸಬೇಕಾಗಬಹುದು. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುತ್ತಿದ್ದರೆ ಮೊದಲೇ ಹೇಳಿ: ಪಾಪೆ ಸರಿಯಾಗಿ ಹಿಗ್ಗದೆ ಕೆಲಸ ಕಷ್ಟವಾಗುತ್ತದೆ.

ಲೆನ್ಸ್ ಪವರ್ ನಿರ್ಧರಿಸಲು ಕಣ್ಣಿನ ಉದ್ದ ಅಳೆಯುತ್ತಾರೆ. 1 ಮಿ.ಮೀ. ತಪ್ಪಿದರೂ ಪವರ್ ಸುಮಾರು 2.5 ಡಯಾಪ್ಟರ್ (ಲೆನ್ಸ್ ಪವರ್ ಅಳೆಯುವ ಮಾನ) ಏರುಪೇರಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮುಂಚೆ ಅದನ್ನು ನಿಲ್ಲಿಸಬೇಕು, ಎಷ್ಟು ದಿನವೆಂದು ವೈದ್ಯರು ಹೇಳುತ್ತಾರೆ. ಒಂದೇ ದೂರಕ್ಕೆ ಹೊಂದಿಸಿದ ಲೆನ್ಸ್ ಹಾಕಿಸಿ ದೂರದ್ದು ಚೆನ್ನಾಗಿ ಕಂಡರೂ ಓದಲು ಕನ್ನಡಕ ಬೇಕಾಗುತ್ತದೆ.

ಪೊರೆ ಪೂರ್ತಿ ಬಲಿಯಲಿ ಎಂದು ಕಾಯುವುದು ಹಳೆಯ ಮಾತು. ಬಲಿತಷ್ಟೂ ಮಸೂರ ಗಡುಸಾಗಿ ಆಪರೇಷನ್ ಕಷ್ಟವಾಗುತ್ತದೆ, ಕೆಲವೊಮ್ಮೆ ಊದಿಕೊಂಡು ಕಣ್ಣಿನ ಒತ್ತಡವನ್ನೂ ಏರಿಸುತ್ತದೆ. ಓದು, ವಾಹನ ಚಾಲನೆ, ದಿನದ ಕೆಲಸಕ್ಕೆ ಅಡ್ಡಿಯಾದರೆ ಮಾಡಿಸಿಕೊಳ್ಳಲು ಅದೇ ಸಾಕು.

ಆಮೇಲೆ ಕೆಲವು ವಾರ ಹನಿ ಬಿಡಬೇಕು, ಕಣ್ಣು ಉಜ್ಜಬಾರದು. ನೋವು, ಕೆಂಪು ಹೆಚ್ಚುತ್ತಾ ದೃಷ್ಟಿ ಇಳಿದರೆ ಒಳಗೆ ಸೋಂಕು ತಗಲಿರಬಹುದು. ಬೆಳಗಾಗಲೆಂದು ಕಾಯದೆ ಅಂದೇ ತೋರಿಸಿ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮೆಲ್ಲಗೆ ಮಸುಕಾದರೆ ಉಳಿಸಿದ ಚೀಲ ಮಬ್ಬಾಗಿರಬಹುದು. ಯಾಗ್ ಲೇಸರ್‌ನಿಂದ ಅದರ ನಡುವೆ ಕಿಂಡಿ ಮಾಡಲು ಕೆಲವೇ ನಿಮಿಷ ಸಾಕು.