ಗಿಡ ಮಲಗಿದೆ, ಸತ್ತಿಲ್ಲ. ಮೊದಲು ನೀರು ನಿಲ್ಲಿಸಿ!

ಪ್ರಶ್ನೆ: ಹಾವಿನ ಹೆಡೆಯಂಥ ಹೂ ಬಿಡುವ ಅರಿಸೀಮಾ ಗಿಡವನ್ನು ನರ್ಸರಿಯಿಂದ ತಂದು ಕುಂಡದಲ್ಲಿ ಹಾಕಿದ್ದೆ. ಮಳೆಗಾಲದಲ್ಲಿ ಚೆನ್ನಾಗಿತ್ತು. ದೀಪಾವಳಿ ಹೊತ್ತಿಗೆ ಹಳದಿಯಾಗಿ ಮಲಗಿಬಿಟ್ಟಿತು. ದಿನಾ ನೀರು ಹಾಕುತ್ತಿದ್ದೇನೆ, ಏಳುತ್ತಿಲ್ಲ. ಸತ್ತೇಹೋಯಿತಾ?
- ದಾವಣಗೆರೆಯ ಓದುಗರೊಬ್ಬರು

ಉತ್ತರ: ಸತ್ತಿಲ್ಲ. ಆದರೆ ಹೀಗೇ ನೀರು ಹಾಕುತ್ತಿದ್ದರೆ ಖಂಡಿತ ಸಾಯುತ್ತದೆ. ಕಾರ್ತಿಕ ಬಂತೆಂದರೆ ನನಗೆ ಇದೇ ಪ್ರಶ್ನೆ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಬರೆದಿಟ್ಟುಕೊಳ್ಳಿ.

ಗಿಡ ಬಾಡಿದರೆ ನೀರು ಹಾಕಬೇಕು ಅನ್ನೋ ನಂಬಿಕೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಗೆಡ್ಡೆ ಗಿಡಕ್ಕೂ ಅದೇ ಚಿಕಿತ್ಸೆ. ಅರಿಸೀಮಾ ಪಶ್ಚಿಮ ಘಟ್ಟದ ಕಾಡುಗಳ ನೆರಳಲ್ಲಿ ಬೆಳೆಯುವ ಗಿಡ. ಮುಂಗಾರಿಗೆ ಏಳುತ್ತದೆ, ಹೂ ಬಿಡುತ್ತದೆ, ಮಳೆ ಮುಗಿಯುವ ಹೊತ್ತಿಗೆ ಎಲೆಯಲ್ಲಿದ್ದ ಸತ್ವವನ್ನೆಲ್ಲ ಗೆಡ್ಡೆಗೆ ಇಳಿಸಿ ಒಣಗುತ್ತದೆ. ಅದು ರೋಗ ಅಲ್ಲ, ಬಾಯಾರಿಕೆಯೂ ಅಲ್ಲ.

ನಂಬಿಕೆ ಇಲ್ಲವಾ? ಗೆಡ್ಡೆಯನ್ನು ಮೆಲ್ಲಗೆ ಕೆದಕಿ ನೋಡಿ. ಬೇರು ಕೆಳಗಡೆ ಹುಡುಕಬೇಡಿ. ಇದಕ್ಕೆ ಬೇರು ಬರುವುದು ನೆತ್ತಿಯಿಂದ, ಮೊಳಕೆಯ ಸುತ್ತ. ಎಲೆ ಹೋದ ಮೇಲೆ ಆ ಬೇರುಗಳೂ ಉದುರಿ, ಗೆಡ್ಡೆ ಬೋಳಾಗಿ ಕೂತಿರುತ್ತದೆ. ಬೇರೇ ಇಲ್ಲದ ಮೇಲೆ ನೀವು ಹಾಕಿದ ನೀರನ್ನು ಕುಡಿಯುವವರು ಯಾರು? ಬಾಯಿ ಇಲ್ಲದವರ ಮುಂದೆ ಎಲೆ ಹಾಕಿ ಬಡಿಸಿದ ಹಾಗೆ. ನೀರು ಸುಮ್ನೆ ಗೆಡ್ಡೆ ಸುತ್ತ ನಿಲ್ಲುತ್ತದೆ, ಕೊಳೆ ಹತ್ತುತ್ತದೆ. ಕುಂಡಕ್ಕೆ ದಾವಣಗೆರೆ ಕಡೆಯ ಎರೆಮಣ್ಣು ತುಂಬಿದ್ದರಂತೂ ಕೇಳೋದೇ ಬೇಡ, ವಾರವಾದರೂ ಹಸಿ ಆರಲ್ಲ. ಒತ್ತಿ ನೋಡಿ: ಗಟ್ಟಿ ಇದ್ದರೆ ಬದುಕಿದೆ. ಮೆತ್ತಗಾಗಿ ವಾಸನೆ ಬಂದರೆ, ನಿಮ್ಮ ಪ್ರೀತಿಯೇ ಅದನ್ನು ಕೊಂದಿದೆ.

ಚನ್ನಗಿರಿ ಕಡೆ ಅಡಿಕೆ ತೋಟದಲ್ಲಿ ಸುವರ್ಣಗೆಡ್ಡೆ ಹಾಕಿದವರನ್ನು ಕೇಳಿ. ಅದೂ ಇದೇ ಕುಟುಂಬದ ಗಿಡ. ಎಲೆ ಹಳದಿಯಾಗಿ ಬಿದ್ದರೆ ಅವರು ಕೊಡ ಹಿಡಿದು ಓಡಲ್ಲ, ಗುದ್ದಲಿ ತರುತ್ತಾರೆ. ಊಟದ ಗೆಡ್ಡೆಗೆ ಗೊತ್ತಿರುವ ಲೆಕ್ಕ ಹೂವಿನ ಗೆಡ್ಡೆಗೆ ಯಾಕೆ ಮರೆತುಹೋಗುತ್ತೋ!

ಈಗ ಕುಂಡವನ್ನು ಮಳೆ, ಬಿಸಿಲು ಎರಡೂ ಬೀಳದ ತಂಪು ಜಾಗಕ್ಕೆ ಎತ್ತಿಡಿ. ಬೇಸಿಗೆ ಮುಗಿದು ಮೊಳಕೆ ಕಂಡ ಮೇಲೆ ನೀರು ಶುರು ಮಾಡಿ. ಮಣ್ಣು ಬದಲಿಸುವುದಾದರೆ ಎಲೆಗೊಬ್ಬರ, ಮರಳು, ಸ್ವಲ್ಪ ಕೆಮ್ಮಣ್ಣು. ಬೇರು ನೆತ್ತಿಯಲ್ಲಿ ಬರುವುದರಿಂದ ಗೆಡ್ಡೆಯ ಮೇಲೆ 4 ಅಂಗುಲ ಮಣ್ಣು ಇರಲಿ. ಇನ್ನೊಂದು ಮಾತು. ಚಿತ್ರದುರ್ಗ, ದಾವಣಗೆರೆ ಕಡೆ ಆಷಾಢದಲ್ಲಿ ಗಾಳಿಯೇ ಜಾಸ್ತಿ, ಮಳೆ ಕಮ್ಮಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಹಾಗಾಗಿ ಎಳೆ ದಂಟನ್ನು ಗೋಡೆ ಮರೆಯಲ್ಲಿಡಿ. ನೀರಿನ ಪ್ರೀತಿ ಇದ್ದರೆ ಆಗ ತೋರಿಸಿ.

ಹಾವು ಬರುತ್ತಾ ಅಂತ ಕೇಳುವವರಿಗೆ: ಬರಲ್ಲ. ಈ ಹೂವಿಗೆ ಬರುವುದು ಅಣಬೆಯ ಸುತ್ತ ಹಾರಾಡುವಂಥ ಸಣ್ಣ ನೊಣ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಈ ಗಿಡದ ನಿಜವಾದ ಮಜಾ ಇರೋದೇ ಇಲ್ಲಿ. ಗೆಡ್ಡೆ ಸಣ್ಣದಿದ್ದಾಗ ಗಿಡ ಗಂಡು. ದಪ್ಪವಾದ ಮೇಲೆ ಹೆಣ್ಣು. ಕಾಯಿ ಕಟ್ಟಿ ಗೆಡ್ಡೆ ಸೊರಗಿದರೆ ಮುಂದಿನ ವರ್ಷ ಮತ್ತೆ ಗಂಡಾಗಬಹುದು. ಕೆಲವು ಜಾತಿಗಳಲ್ಲಿ ದೊಡ್ಡ ಗಿಡದ ಒಂದೇ ಹೂಗೊಂಚಲಲ್ಲಿ ಎರಡೂ ಇರುತ್ತವೆ. ಗಂಡು ಹೂವಿನ ಹೆಡೆಯ ಬುಡದಲ್ಲಿ ಸಣ್ಣ ಸಂದು ಇರುತ್ತದೆ. ಒಳಗೆ ಬಿದ್ದ ನೊಣ ಪರಾಗ ಮೆತ್ತಿಕೊಂಡು ಅಲ್ಲಿಂದ ಪಾರಾಗುತ್ತದೆ. ಹೆಣ್ಣು ಹೂವಿನಲ್ಲಿ ಆ ಸಂದು ಇಲ್ಲ. ಪರಾಗ ತಂದ ನೊಣ ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ. ಎಂಥಾ ಲೆಕ್ಕಾಚಾರ, ಅಲ್ವಾ?

ಹಾಗಾಗಿ ಕಾಯಿ ಬಿಡಲಿಲ್ಲ ಅಂತ ನರ್ಸರಿಯವರನ್ನು ಬೈಯಬೇಡಿ. ನಿಮ್ಮದು ಇನ್ನೂ ಗಂಡಿರಬಹುದು. ಕಾಯಿ ಬೇಕೇಬೇಕು ಅಂದರೆ ಒಂದು ಸಣ್ಣ, ಒಂದು ದೊಡ್ಡ ಗಿಡ ಇಟ್ಟುಕೊಂಡು, ಬ್ರಷ್‌ನಿಂದ ಪರಾಗ ದಾಟಿಸಿ. ಕೆಂಪಗೆ ಹಣ್ಣಾದಾಗ ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಅದರಲ್ಲಿರುವ ಸೂಜಿಯಂಥ ಹರಳುಗಳು ಬಾಯಿ, ಗಂಟಲು ಸುಟ್ಟ ಹಾಗೆ ಉರಿಸುತ್ತವೆ.