ಬೇಸಿಗೆಯಲ್ಲೂ ಸಿಹಿಯಾಗಿ ಉಳಿದ ಅಳಿವೆ

ಉತ್ತರ ಕನ್ನಡದಲ್ಲಿ ಅಕ್ಕಪಕ್ಕದ ಎರಡು ನದಿಗಳಿವೆ. ಅಘನಾಶಿನಿ ಕುಮಟಾ ಬಳಿ ಸಮುದ್ರ ಸೇರುತ್ತದೆ, ಶರಾವತಿ ಹೊನ್ನಾವರದಲ್ಲಿ. ನದಿ ಕಡಲು ಸೇರುವ, ಸಿಹಿನೀರು ಉಪ್ಪುನೀರು ಬೆರೆಯುವ ಜಾಗವೇ ಅಳಿವೆ. ಘಟ್ಟ ಅದೇ, ಮುಂಗಾರು ಅದೇ, ಕಡಲೂ ಅದೇ. ಆದರೆ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶರಾವತಿಗೆ 1964ರಿಂದ ಲಿಂಗನಮಕ್ಕಿ ಇದೆ. ಜೀವಿಗಳು ನೀರಿನೊಂದಿಗೆ ಹೇಗೆ ಬದುಕುತ್ತವೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಇಲ್ಲಿ ಮೊದಲು ಅಳೆಯಬೇಕಾದದ್ದು ಉಪ್ಪು. ಉಪ್ಪುನೀರು ಭಾರ, ಸಿಹಿನೀರಿನ ಅಡಿಗೆ ಸೇರಿಕೊಳ್ಳುತ್ತದೆ. ಹಾಗಾಗಿ ಮೇಲಿನ ನೀರನ್ನಷ್ಟೇ ನೋಡಿದರೆ ಸಾಲದು, ತಳದ್ದೂ ಬೇಕು. ಉಬ್ಬರದಲ್ಲೂ ಇಳಿತದಲ್ಲೂ, ಎಲ್ಲ ಋತುಗಳಲ್ಲೂ ಬೇಕು.

ಅಘನಾಶಿನಿಯಲ್ಲಿ ಮಳೆಗಾಲಕ್ಕೆ ನದಿಯದೇ ಮೇಲುಗೈ. ಉಪ್ಪು ಇಳಿದ ಆ ತಿಂಗಳುಗಳಲ್ಲೇ ಅಳಿವೆ ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಮಳೆ ನಿಂತ ಮೇಲೆ ಉಬ್ಬರದ ನೀರು ನದಿಯೊಳಗೆ ಮೇಲೇರುತ್ತದೆ. ಕಡಲ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬೇಸಿಗೆಯಲ್ಲಿ ಅಳಿವೆಯ ಬಾಯಿ ಆ ಮಟ್ಟದ ಹತ್ತಿರಕ್ಕೆ ಬರುತ್ತದೆ. ಬಳಚು ಎಂಬ ಚಿಪ್ಪಿನ ಜೀವಿ ಹೇರಳವಾಗಿ ಸಿಗುತ್ತದೆ. ಇಳಿತದ ಹೊತ್ತಿಗೆ ಅದನ್ನು ಆರಿಸಿ ಮಾರುವ ಕುಟುಂಬಗಳು ಎಷ್ಟೋ.

ಶರಾವತಿಯ ಕತೆ ಬೇರೆ. ವಿದ್ಯುತ್ ತಯಾರಿಸಿದ ನೀರು ಬೇಸಿಗೆಯಲ್ಲೂ ಗೇರುಸೊಪ್ಪೆ ದಾಟಿ ಕೆಳಗೆ ಬರುತ್ತಲೇ ಇರುತ್ತದೆ. ಉಪ್ಪಿಗೆ ಮೇಲೇರಲು ಜಾಗವೇ ಸಿಗುವುದಿಲ್ಲ. ನೀರು ಸಿಹಿಯಾದಾಗ ಬಳಚು ಚಿಪ್ಪು ಮುಚ್ಚಿಕೊಂಡು ಒಂದಷ್ಟು ದಿನ ತಡೆಯಬಲ್ಲದು. ಆದರೆ ಅದು ಉಸಿರಾಡುವುದೂ ತಿನ್ನುವುದೂ ಚಿಪ್ಪು ತೆರೆದು ನೀರು ಎಳೆದುಕೊಂಡಾಗಲೇ. ಎಷ್ಟು ದಿನ ಮುಚ್ಚಿಕೊಂಡಿರಲು ಸಾಧ್ಯ? ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿಯಲ್ಲಿ ಬಳಚು ಬಹುತೇಕ ಇಲ್ಲವಾಗಿದೆ, ಮೀನಿನ ಬಗೆಗಳೂ ಕಡಿಮೆ. ಅಳಿವೆಯ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲೂ ಸಿಹಿನೀರು ತಾಳುವ ಗಿಡಗಳದ್ದೇ ಜೋರು.

ಗಮನಿಸಿ, ಇಲ್ಲಿ ಹಾನಿ ಮಾಡಿದ್ದು ಕಾರ್ಖಾನೆಯ ವಿಷವಲ್ಲ, ಶುದ್ಧವಾದ ಸಿಹಿನೀರು. ಬರಬಾರದ ಕಾಲಕ್ಕೆ ಬಂತು, ಅಷ್ಟೇ. ನದಿಗೆ ಎಷ್ಟು ನೀರು ಬಿಡಬೇಕು ಎಂದು ನಾವು ಜಾಸ್ತಿ ಚರ್ಚೆ ಮಾಡುತ್ತೇವೆ. ಯಾವ ತಿಂಗಳಲ್ಲಿ ಎಂದು ಕೇಳುವುದೇ ಇಲ್ಲ, ಅಲ್ವಾ? ನನ್ನ ಮಟ್ಟಿಗೆ ಅದೇ ಮುಖ್ಯ ಪ್ರಶ್ನೆ.

ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂಬ ಮನ್ನಣೆ ಸಿಕ್ಕಿದೆ. ಸಂತೋಷದ ವಿಷಯವೇ. ಆದರೆ ಅಲ್ಲಿನ ಉಪ್ಪಿನ ಲೆಕ್ಕ ತೀರ್ಮಾನವಾಗುವುದು ದೂರದ ಶಿರಸಿ, ಸಿದ್ದಾಪುರದ ಹಳ್ಳಕೊಳ್ಳಗಳಲ್ಲಿ. ಅಲ್ಲಿನ ಹರಿವಿಗೆ ಕೈ ಹಾಕುವ ಯಾವ ಯೋಜನೆಯಾದರೂ ಮೊದಲು ಕೆಳಗಿನ ಬಳಚಿನ ವರ್ಷದ ಲೆಕ್ಕವನ್ನು ನೋಡಬೇಕು.